ಬ್ರೈಟ್ ಮಾಡಲ್ಲ, ಕಾರಣ ಇದು

(1/4)
"ಕಪ್ಪಗೆ ಬಂದಿದೀನಿ, ಸ್ವಲ್ಪ ಬ್ರೈಟ್ ಮಾಡಿ ಹಾಕೋ." ಕಾಲೇಜ್ ಡೇ ವಿಡಿಯೋ ಹಾಕಿದಾಗಿಂದ ಇನ್‌ಬಾಕ್ಸ್ ತುಂಬ ಇದೇ. ಮಾಡಲ್ಲ. ಪೂರ್ತಿ ಓದಿ, ಆಮೇಲೆ ಬೈಯಿರಿ.

ಮೊದಲು ನನ್ನದೇ ತಪ್ಪು ಹೇಳ್ತೀನಿ. ಶಿಡ್ಲಘಟ್ಟ ಗೂಡು ಮಾರ್ಕೆಟ್‌ನಲ್ಲಿ ಅಪ್ಪ ಗೂಡು ಸುರಿಯೋದನ್ನ ಫೋನಲ್ಲಿ ತೆಗೆದಿದ್ದೆ. ಫ್ರೇಮ್ ತುಂಬ ಬಿಳಿ ಬೈವೋಲ್ಟೈನ್ ಗೂಡು. ವಿಡಿಯೋದಲ್ಲಿ ಗೂಡು ಮಾಸಲು, ಅಪ್ಪನ ಮುಖ ಇದ್ದಿಲು. "ಅಂಕಲ್ ಎಲ್ಲಿ? ಶರ್ಟ್ ಮಾತ್ರ ಕಾಣ್ತಿದೆ" ಅಂತ ನಿಮ್ಮಲ್ಲೇ ಒಬ್ಬರು ಕಮೆಂಟ್ ಹಾಕಿದ್ರಿ, ಕೆಳಗೆ ನಗುವ ಇಮೋಜಿಗಳ ಸಾಲು. ಅಪ್ಪ ನೋಡಿದ್ರು. ಏನೂ ಅನ್ನದೆ ಫೋನ್ ವಾಪಸ್ ಕೊಟ್ರು.

(2/4)
ಕೆಟ್ಟದ್ದು ಅಪ್ಪನ ಬಣ್ಣ ಅಲ್ಲ, ನನ್ನ ಮೀಟರಿಂಗ್. ಮೀಟರ್‌ಗೆ ಎದುರಿಗಿರೋದು ಬಿಳಿ ಗೂಡೋ ಕರಿ ಕಲ್ಲೋ ಗೊತ್ತಾಗಲ್ಲ. ಅಳೆದದ್ದನ್ನೆಲ್ಲ ನಡುಮಟ್ಟದ ಬೂದುಬಣ್ಣಕ್ಕೆ, ಅಂದ್ರೆ ಬಿದ್ದ ಬೆಳಕಲ್ಲಿ ಸುಮಾರು 18% ವಾಪಸ್ ಕಳಿಸೋ ಬೂದಿಗೆ ಎಳೆಯೋದಷ್ಟೇ ಅದರ ಕೆಲಸ. ಬಿಳಿ ಜಾಸ್ತಿ ಇದ್ರೆ ಎಲ್ಲವನ್ನೂ ಕತ್ತಲು ಮಾಡುತ್ತೆ. ವಿದುರಾಶ್ವತ್ಥದಲ್ಲಿ ನಾಗರಕಲ್ಲುಗಳ ಸಾಲಿನ ಮುಂದೆ ನಿಂತ್ರೆ ಉಲ್ಟಾ: ಕಲ್ಲು ಬೆಳ್ಳಗಾಗುತ್ತೆ, ಜೊತೆಗೆ ನೀವೂ.

ಎಲ್ಲಿ ಅಳೀಬೇಕು ಅನ್ನೋದೇ ಮೋಡ್. ನಿಕಾನ್‌ನ ಮ್ಯಾಟ್ರಿಕ್ಸ್, ಕ್ಯಾನನ್‌ನ ಇವ್ಯಾಲ್ಯುಯೇಟಿವ್, ಸೋನಿಯ ಮಲ್ಟಿ ಎಲ್ಲ ಪೂರ್ತಿ ಫ್ರೇಮ್ ನೋಡ್ತಾವೆ. ಸೆಂಟರ್ ವೇಯ್ಟೆಡ್ ನಡುವಿಗೆ ತೂಕ ಜಾಸ್ತಿ ಕೊಡುತ್ತೆ. ಸ್ಪಾಟ್ ಒಂದು ಚಿಕ್ಕ ಚುಕ್ಕಿ ಮಾತ್ರ. (ಮುಖ ಗುರುತಿಸೋ ಫೋನ್ ಇದೆ ಅಂತೀರ. ಅಪ್ಪ ತಲೆ ಬಗ್ಗಿಸಿದ್ರು ಮಾರಾಯ್ರೆ.)

ಫೋಟೋದಲ್ಲಾದ್ರೆ ಒಂದ್ಸಲ ಅಳೆದು ಮುಗೀತು. ವಿಡಿಯೋದಲ್ಲಿ ಆಟೋ ಬಿಟ್ರೆ ಅಳೀತಾನೇ ಇರುತ್ತೆ. ಚಿಂತಾಮಣಿ ಟೊಮೆಟೊ ಮಂಡಿಯಲ್ಲಿ ಮಾತಾಡ್ತಿರೋ ರೈತನ ಹಿಂದೆ ಬಿಳಿ ಪಂಚೆಯವರೊಬ್ಬರು ದಾಟಲಿ, ರೈತನ ಮುಖ ಮಂಕಾಗಿ ಮತ್ತೆ ಬೆಳಗುತ್ತೆ.

(3/4)
"ಸ್ಪಾಟ್ ಹಾಕು ಮಗಾ" ಅನ್ನೋರಿಗೆ: ಅದು ಅರ್ಧ ಪರಿಹಾರ. ಮುಂದಿನ ವಾರ ಅಪ್ಪನ ಮುಖದ ಮೇಲೇ ಸ್ಪಾಟ್ ಇಟ್ಟೆ. ಅವರ ಕಪ್ಪನ್ನೂ ಮೀಟರ್ ಅದೇ ಬೂದಿಗೆ ಎಳೀತು. ಗೂಡಿನ ಎಳೆ ಎಲ್ಲ ಹೊತ್ತಿಹೋಗಿ ಬರೀ ಬಿಳಿ, ಅಪ್ಪ ಗೋಧಿ ಬಣ್ಣ. "ಇದ್ಯಾರೋ?" ಅಂದ್ರು ಅಮ್ಮ.

ನೀವೇನಂದ್ರಿ? "ಅಂಕಲ್ ಗ್ಲೋ!" ಹಾರ್ಟೋ ಹಾರ್ಟು.

ನನ್ನ ಜಗಳ ಇರೋದು ಇಲ್ಲಿ. ಎರಡೂ ವಿಡಿಯೋ ತಪ್ಪೇ. ಕಪ್ಪಾದ ತಪ್ಪಿಗೆ ನಕ್ಕಿರಿ, ಬೆಳ್ಳಗಾದ ತಪ್ಪನ್ನ ಸೇವ್ ಮಾಡ್ಕೊಂಡ್ರಿ. ಫಿಲ್ಮ್ ಕಾಲದಲ್ಲಿ ಲ್ಯಾಬ್‌ಗಳು ಬಣ್ಣ ಸರಿ ಇದ್ಯಾ ಅಂತ ನೋಡೋಕೆ ಕೊಡಾಕ್‌ನ 'ಶರ್ಲಿ ಕಾರ್ಡ್' ಇಟ್ಕೊಳ್ತಿದ್ವು. ದಶಕಗಳ ಕಾಲ ಅದರಲ್ಲಿದ್ದದ್ದು ಬಿಳಿ ಹೆಂಗಸಿನ ಮುಖ. ಅದು ಅಮೆರಿಕದ ಕಂಪನಿ. ಗೌರಿಬಿದನೂರು ಬಸ್‌ಸ್ಟ್ಯಾಂಡಲ್ಲಿ ರೀಲ್ ಮಾಡೋ ನಮಗೆ ಯಾವ ಕರ್ಮಕ್ಕೆ ಅದೇ ಕಾರ್ಡು?

(4/4)
ಹಾಗಾದ್ರೆ ಏನ್ ಮಾಡ್ಬೇಕು? ಫೋನಲ್ಲಿ ಮುಖದ ಮೇಲೆ ಒತ್ತಿ ಹಿಡೀರಿ, ಹೆಚ್ಚಿನ ಫೋನ್‌ಗಳಲ್ಲಿ ಎಕ್ಸ್‌ಪೋಶರ್ ಲಾಕ್ ಆಗುತ್ತೆ. ಈಗ ತಲೆಯೆತ್ತಿ ಎದುರಿಗಿರೋ ಮನುಷ್ಯನನ್ನ ನೋಡಿ. ಕಪ್ಪು ಮುಖ ಆದ್ರೆ ಬೆಳಕನ್ನ ಸ್ವಲ್ಪ ಕೆಳಗೆ ಎಳೀರಿ, ಅವರ ಥರಾನೇ ಕಾಣೋವರೆಗೆ. ಆಮೇಲೆ ರೆಕಾರ್ಡ್.

ಕ್ಯಾಮೆರಾ ಇರೋರು ಸ್ಪಾಟ್‌ನಲ್ಲಿ ಅಳೆದು ಮ್ಯಾನುವಲ್‌ಗೆ ಬನ್ನಿ. ಐಎಸ್ಒ ಕೂಡ ನೀವೇ ಕೂರಿಸಿದ್ರೆ ಮೋಡ್ ಯಾವುದಿದ್ರೂ ಚಿತ್ರ ಬದಲಾಗಲ್ಲ, ಮೀಟರ್ ಮುಳ್ಳು ಮಾತ್ರ ಆಡುತ್ತೆ. ಆಟೋ ಐಎಸ್ಒ ಬಿಟ್ರೋ, ಮತ್ತೆ ಅದೇ ಕಥೆ.

"ನನ್ನ ಮುಖ, ನನ್ನಿಷ್ಟ" ಅಂತೀರ? ನಿಮ್ಮ ಪೇಜಲ್ಲಿ ಏನು ಫಿಲ್ಟರ್ ಬೇಕೋ ಹಾಕ್ಕೊಳ್ಳಿ. ಕಾಲೇಜ್ ಡೇ ವಿಡಿಯೋದಲ್ಲಿ ಯಾರದ್ದಾದ್ರೂ ಕಣ್ಣು-ಮೂಗು ಕತ್ತಲಲ್ಲಿ ಮುಳುಗಿದ್ರೆ ಹೇಳಿ, ಅದು ನನ್ನ ತಪ್ಪು, ಇವತ್ತೇ ಸರಿ ಮಾಡ್ತೀನಿ. ಬಣ್ಣ ಬದಲಾಯಿಸು ಅಂದ್ರೆ ಇಲ್ಲ.

ಅಪ್ಪನ ವಿಡಿಯೋ ಮೂರನೇ ಸಲ ತೆಗೆದಿದೀನಿ. ಭಾನುವಾರ ಹಾಕ್ತೀನಿ, ಅವರು ಒಪ್ಪಿದ್ರೆ.

#ಶಿಡ್ಲಘಟ್ಟ #ಚಿಕ್ಕಬಳ್ಳಾಪುರ #ಬ್ರೈಟ್‌ಮಾಡಲ್ಲ