ಮೊದಲು ಪಾಠ ಶುರುವಾಗಲಿ, ಸಮಾರಂಭ ಆಮೇಲಿರಲಿ



ಹಾವೇರಿ ಜಿಲ್ಲೆಯ ಪದವಿ ಕಾಲೇಜುಗಳಲ್ಲಿ ಹೊಸ ಸೆಮಿಸ್ಟರ್‌ನ ತಯಾರಿ ನಡೆದಿದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಯಾವ ಊರಿನ ಪಾಲಕರನ್ನು ಕೇಳಿದರೂ ಕಾಲೇಜಿನ ಸಭೆಗಳಲ್ಲಿ ಚರ್ಚೆಯಾಗುವ ಸಂಗತಿಗಳು ಹೆಚ್ಚುಕಡಿಮೆ ಅವೇ: ಹೊಸಬರಿಗೆ ಸ್ವಾಗತ ಸಮಾರಂಭ, ಕಾಂಪೌಂಡಿಗೆ ಬಣ್ಣ, ನ್ಯಾಕ್ ಮಾನ್ಯತೆಗೆ ಬೇಕಾದ ಕಡತ, ಸಾಂಸ್ಕೃತಿಕ ಚಟುವಟಿಕೆಗಳ ಉದ್ಘಾಟನೆಗೆ ಗಣ್ಯರ ದಿನಾಂಕ. ಇವು ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಸೆಮಿಸ್ಟರ್ ಶುರುವಾದ ದಿನ ತರಗತಿಗೆ ಹೋಗಿ ಪಾಠ ಹೇಳುವವರು ಯಾರು ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಎತ್ತಿದರೂ 'ಸರ್ಕಾರದಿಂದ ಆದೇಶ ಬರಬೇಕು' ಎಂಬ ಒಂದು ಮಾತಿಗೆ ಅದು ಮುಗಿದುಹೋಗುತ್ತದೆ.

ನನ್ನ ಮಗಳು ಬಿ.ಕಾಂ. ಓದುತ್ತಿದ್ದಾಳೆ. ಕಾಲೇಜಿನ ಹೆಸರು ಹೇಳುವುದಿಲ್ಲ, ಇದು ಒಂದು ಕಾಲೇಜಿನ ತಪ್ಪಲ್ಲ. ಕಳೆದ ಸಲ ತರಗತಿ ಆರಂಭವಾದಾಗ ನೋಟಿಸ್ ಬೋರ್ಡಿನಲ್ಲಿದ್ದ ವೇಳಾಪಟ್ಟಿಯನ್ನು ಮೊಬೈಲ್‌ನಲ್ಲಿ ತೆಗೆದುಕೊಂಡು ಬಂದಿದ್ದಳು. ವಿಷಯದ ಹೆಸರು, ಕೊಠಡಿ ಸಂಖ್ಯೆ, ಗಂಟೆ ಎಲ್ಲವೂ ಅಚ್ಚುಕಟ್ಟಾಗಿ ಇದ್ದವು. ಉಪನ್ಯಾಸಕರ ಹೆಸರು ಇರಬೇಕಾದಲ್ಲಿ ಮಾತ್ರ ಅರ್ಧಕ್ಕರ್ಧ ಮನೆಗಳಲ್ಲಿ 'ಅ.ಉ.' ಎಂದಷ್ಟೇ ಬರೆದಿತ್ತು. ಅತಿಥಿ ಉಪನ್ಯಾಸಕರು ಎಂದು ಅದರರ್ಥ. ಅವರು ಯಾರು, ಯಾವಾಗ ಬರುತ್ತಾರೆ ಎಂಬುದು ಪ್ರಾಚಾರ್ಯರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಮನೆ ಬಿಟ್ಟ ಹುಡುಗಿ ಒಂದು ಪಾಠ ಕೇಳಿ, ಮಧ್ಯೆ ತಾಸುಗಟ್ಟಲೆ ಗಿಡದ ನೆರಳಿನಲ್ಲಿ ಕೂತು, ಇನ್ನೊಂದು ಪಾಠ ಕೇಳಿ ಸಂಜೆಗೆ ಮನೆಗೆ ಬರುತ್ತಿದ್ದಳು. ಅಕೌಂಟ್ಸ್‌ನಂಥ ವಿಷಯದಲ್ಲಿ ಮೊದಲ ಪಾಠ ತಪ್ಪಿದರೆ ಮುಂದಿನದು ತಲೆಗೆ ಹತ್ತುವುದಿಲ್ಲ. ಕೊನೆಗೆ ಪರೀಕ್ಷೆ ಹತ್ತಿರ ಬಂದಾಗ ಉಳಿದ ಅಧ್ಯಾಯಗಳನ್ನು ಗಡಿಬಿಡಿಯಲ್ಲಿ ಮುಗಿಸಿದರು.

ಇದರ ಬೇರು ಬೆಂಗಳೂರಿನಲ್ಲಿದೆ. ರಾಜ್ಯದ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿರುವುದೇ ಹತ್ತು ಸಾವಿರಕ್ಕೂ ಮಿಕ್ಕ ಅತಿಥಿ ಉಪನ್ಯಾಸಕರ ಬಲದ ಮೇಲೆ. 2022ರ ಜನವರಿಯಲ್ಲಿ ಅವರ ಗೌರವಧನವನ್ನು ಅರ್ಹತೆ, ಸೇವಾವಧಿಗೆ ತಕ್ಕಂತೆ 26 ಸಾವಿರದಿಂದ 32 ಸಾವಿರ ರೂಪಾಯಿವರೆಗೆ ಏರಿಸಿದರು. ಜೊತೆಗೇ ವಾರದ ಕಾರ್ಯಭಾರವನ್ನು 15 ಗಂಟೆಗೆ ಹೆಚ್ಚಿಸಿದರು. ಇಬ್ಬರು ಹಂಚಿಕೊಂಡು ಮಾಡುತ್ತಿದ್ದ ಕೆಲಸ ಒಬ್ಬರ ಪಾಲಾಯಿತು, ಇನ್ನೊಬ್ಬರು ಮನೆಗೆ ಹೋದರು. 2023ರ ನವೆಂಬರ್‌ನಲ್ಲಿ ಸೇವಾ ಕಾಯಮಾತಿಗಾಗಿ ಅವರು ತರಗತಿ ಬಹಿಷ್ಕರಿಸಿ ಹೋರಾಟಕ್ಕೆ ಕುಳಿತರು. ಅದು ಜನವರಿವರೆಗೂ ನಡೆಯಿತು. ಗೌರವಧನ ಹೆಚ್ಚಿಸುವ ಭರವಸೆ ಸಿಕ್ಕಿತು, ಕಾಯಮಾತಿ ಸಿಗಲಿಲ್ಲ. ವರ್ಷಗಟ್ಟಲೆ ಒಂದೇ ಕಾಲೇಜಿನಲ್ಲಿ ಪಾಠ ಹೇಳಿದವರು ಇಂದಿಗೂ ಪ್ರತಿ ಶೈಕ್ಷಣಿಕ ವರ್ಷ ಅರ್ಜಿ ಹಾಕಿ, ಕೌನ್ಸೆಲಿಂಗ್‌ಗೆ ಕಾಯಬೇಕು. ಮಕ್ಕಳ ಪ್ರವೇಶ ಯಾವ ತಿಂಗಳು, ತರಗತಿ ಯಾವ ತಿಂಗಳು ಎಂಬುದು ಇಲಾಖೆಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿದ್ದೂ ನೇಮಕದ ಪ್ರಕ್ರಿಯೆಯನ್ನು ತರಗತಿ ಶುರುವಾಗುವ ಹೊತ್ತಿಗೆ ಮುಗಿಸದೆ ಇರುವುದನ್ನು ನಿರ್ಲಕ್ಷ್ಯ ಎನ್ನದೆ ಬೇರೇನೂ ಅನ್ನಲು ಬರುವುದಿಲ್ಲ.

ನಮ್ಮ ಭಾಗದಲ್ಲಿ ಈ ವಿಳಂಬದ ಪೆಟ್ಟು ಎಷ್ಟು ಎಂಬುದು ರಾಜಧಾನಿಯಲ್ಲಿ ಕೂತವರಿಗೆ ತಿಳಿಯಲಿಕ್ಕಿಲ್ಲ. ರಾಣೆಬೆನ್ನೂರು ಸುತ್ತಲಿನ ಹಳ್ಳಿಗಳಲ್ಲಿ ಹೈಬ್ರಿಡ್ ಹತ್ತಿ ಬೀಜೋತ್ಪಾದನೆ ದೊಡ್ಡದು. ಕ್ರಾಸಿಂಗ್ ಸಮಯ ಬಂತೆಂದರೆ ಸಂಜೆ ಮೊಗ್ಗು ಬಿಡಿಸಿ ಕೇಸರ ತೆಗೆಯಬೇಕು, ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗ ಮುಟ್ಟಿಸಬೇಕು. ಒಂದು ದಿನ ತಪ್ಪಿದರೂ ಆ ಮೊಗ್ಗು ಹೋದಂತೆಯೇ. ಹೀಗಾಗಿ ಮನೆಯ ಎಲ್ಲ ಕೈಗಳೂ ಬೇಕು. ಬ್ಯಾಡಗಿಯಲ್ಲಿ ಜನವರಿ ಬಂದರೆ ಮೆಣಸಿನಕಾಯಿಯ ಹಂಗಾಮು. ಸೋಮವಾರ, ಗುರುವಾರ ಮಾರುಕಟ್ಟೆ ತುಂಬಿ ಊರೇ ಕೆಂಪಾಗಿರುತ್ತದೆ. ತೊಟ್ಟು ಬಿಡಿಸುವ ಕೂಲಿಗೆ ಹೆಣ್ಣುಮಕ್ಕಳು ಸಾಲಾಗಿ ಕೂತಿರುತ್ತಾರೆ. ಅವರಲ್ಲಿ ಪದವಿ ಓದುವವರೂ ಇದ್ದಾರೆ. ಬೆಸ ಸೆಮಿಸ್ಟರ್‌ಗೆ ಬೀಜದ ಹೊಲ, ಸಮ ಸೆಮಿಸ್ಟರ್‌ಗೆ ಮೆಣಸಿನಕಾಯಿ. 'ಕಾಲೇಜಿನ್ಯಾಗ ಪಾಠನ ಇಲ್ಲಂದ್ರ ಹೋಗಿ ಏನ್ ಮಾಡ್ತಿ, ಇಲ್ಲಿ ಕೂತ್ರ ಕೂಲಿನಾರ ಬರ್ತದ' ಎಂದು ತಾಯಿ ಅಂದರೆ ಆಕೆಗೆ ಎದುರು ಮಾತಾಡಲು ನಮ್ಮ ಹತ್ತಿರ ಏನಿದೆ? ಹಾಗೆ ಮೊದಲ ತಿಂಗಳು ತಪ್ಪಿಸಿಕೊಂಡ ಹುಡುಗಿಗೆ ಆಮೇಲೆ ಶೇ 75 ಹಾಜರಾತಿ ಇಲ್ಲವೆಂದು ಪರೀಕ್ಷೆಯ ಹೊತ್ತಿಗೆ ನೋಟಿಸ್ ಬರುತ್ತದೆ. ಪಾಠ ಹೇಳುವವರೇ ಇಲ್ಲದ ದಿನಗಳಿಗೆ ಇಂಥ ನೋಟಿಸ್ ಯಾರಿಗೂ ಹೋಗುವುದಿಲ್ಲ. ಸೆಮಿಸ್ಟರ್‌ಗೆ ಕನಿಷ್ಠ 90 ದಿನ ಬೋಧನೆ ನಡೆಯಬೇಕೆಂಬ ಯುಜಿಸಿ ನಿಯಮ ಕಾಲೇಜಿಗೂ ಸರ್ಕಾರಕ್ಕೂ ಅನ್ವಯಿಸುತ್ತದೆ ಎಂಬುದನ್ನು ನೆನಪಿಸಬೇಕಾಗಿದೆ.

2023ರ ಜೂನ್ 11ರಂದು ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಬಸ್ ಪಾಸಿನ ಹಣಕ್ಕಾಗಿ ಓದು ಬಿಡುವ ಪ್ರಸಂಗ ಹೆಣ್ಣುಮಕ್ಕಳಿಗೆ ತಪ್ಪಿದೆ. ಅದು ನಿಜವಾಗಿಯೂ ದೊಡ್ಡ ಉಪಕಾರ. ಆದರೆ ಬೆಳಗಿನ ಹೊತ್ತು ಮೋಟೆಬೆನ್ನೂರು ಕ್ರಾಸಿನಲ್ಲಿ ನಿಂತು ನೋಡಿ. ತುಂಬಿದ ಬಸ್ಸು ನಿಲ್ಲದೆ ಹೋಗುತ್ತದೆ, ಮುಂದಿನದಕ್ಕೆ ಕಾಯುವಷ್ಟರಲ್ಲಿ ಮೊದಲ ಪೀರಿಯಡ್ ಮುಗಿದಿರುತ್ತದೆ. ಕಾಲೇಜಿನವರು ವೇಳಾಪಟ್ಟಿ ಹಾಕುವ ಮುಂಚೆ ಡಿಪೊದವರ ಜೊತೆ ಒಮ್ಮೆ ಕೂತು ಮಾತಾಡಿದರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಇದಕ್ಕೆ ಯಾವ ಅನುದಾನವೂ ಬೇಡ.

ಪಠ್ಯಕ್ರಮದ ಗೊಂದಲವೂ ಕಡಿಮೆಯಲ್ಲ. 2021-22ರಲ್ಲಿ ರಾಜ್ಯದ ಪದವಿ ಕಾಲೇಜುಗಳಿಗೆ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, ನಾಲ್ಕು ವರ್ಷದ ಪದವಿ ಎಂದರು. 2024-25ರಿಂದ ಮತ್ತೆ ಮೂರು ವರ್ಷದ ಪದವಿ. ನಮ್ಮ ಮನೆಯಲ್ಲಿ ಅಣ್ಣನ ಪುಸ್ತಕ ತಂಗಿಗೆ ಉಪಯೋಗಕ್ಕೆ ಬರಲಿಲ್ಲ. ಹೀಗೆ ಪಠ್ಯ ಬದಲಾದಾಗಲೇ ಹೇಳಿಕೊಡುವವರು ಮೊದಲ ದಿನದಿಂದ ಎದುರಿಗಿರಬೇಕು.

ಇನ್ನು ಹಾವೇರಿ ವಿಶ್ವವಿದ್ಯಾಲಯ. ಧಾರವಾಡಕ್ಕೆ ಓಡಾಡುವ ಕಷ್ಟ ತಪ್ಪಲಿ ಎಂದು 2023ರಲ್ಲಿ ಏಳು ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂದಾಗಿ ಕೆರಿಮತ್ತಿಹಳ್ಳಿಯಲ್ಲಿ ಇದು ಶುರುವಾಯಿತು. ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರುವರಿಯಲ್ಲಿ, ಈ ಏಳೂ ಸೇರಿ ಹೊಸ ಹತ್ತು ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಬೇಕೆಂಬ ನಿಲುವಿಗೆ ಸಂಪುಟ ಉಪಸಮಿತಿ ಬಂತು. ಆ ಪಟ್ಟಿಯಲ್ಲಿ ಹಾವೇರಿಯೂ ಇತ್ತು. ಸಾಕಷ್ಟು ಹಣ ಕೊಡದೆ, ಕಾಯಂ ಸಿಬ್ಬಂದಿ ಕೊಡದೆ ಹುಟ್ಟಿಸಿ, ಆಮೇಲೆ ಬೆಳೆಯಲಿಲ್ಲವೆಂದು ಮುಚ್ಚುವ ಮಾತಾಡುವುದು ನ್ಯಾಯವಲ್ಲ. ವಿಶ್ವವಿದ್ಯಾಲಯ ಇಲ್ಲೇ ಉಳಿಯಬೇಕು ಎಂಬುದು ನನ್ನ ಅಭಿಪ್ರಾಯ. ರಾಣೆಬೆನ್ನೂರಿನ ಹುಡುಗನೊಬ್ಬ ಅಂಕಪಟ್ಟಿಯ ಒಂದು ತಿದ್ದುಪಡಿಗಾಗಿ ನೂರು ಕಿಲೋಮೀಟರಿಗೂ ಹೆಚ್ಚು ದೂರದ ಧಾರವಾಡಕ್ಕೆ ಮತ್ತೆ ಅಲೆಯುವಂತಾಗಬಾರದು.

ಈ ಸೆಮಿಸ್ಟರ್‌ಗೆ ಆಗಬೇಕಾದುದು ಇಷ್ಟು. ಹೊಸ ಆಯ್ಕೆ ಮುಗಿಯುವವರೆಗೆ ಹಿಂದಿನ ವರ್ಷದ ಅತಿಥಿ ಉಪನ್ಯಾಸಕರನ್ನೇ ಮೊದಲ ದಿನದಿಂದ ಮುಂದುವರಿಸಲು ಇಲಾಖೆ ಆದೇಶ ಹೊರಡಿಸಲಿ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಒಂದೇ ರೈಲು ಮಾರ್ಗದ ಊರುಗಳು. ಒಂದು ಕಾಲೇಜಿನಲ್ಲಿ ಕಾರ್ಯಭಾರ ಕಡಿಮೆ ಇರುವ ಕಾಯಂ ಉಪನ್ಯಾಸಕರನ್ನು ಇನ್ನೊಂದು ಕಾಲೇಜಿಗೆ ವಾರಕ್ಕೆರಡು ದಿನ ನಿಯೋಜಿಸಬಹುದು. ಪ್ರತಿ ತಿಂಗಳ ಕೊನೆಗೆ ಪ್ರತಿ ವಿಷಯಕ್ಕೆ ಎಷ್ಟು ತರಗತಿ ನಿಗದಿಯಾಗಿತ್ತು, ಎಷ್ಟು ನಡೆಯಿತು ಎಂಬುದನ್ನು ಮಕ್ಕಳ ಹಾಜರಾತಿಯ ಪಕ್ಕದಲ್ಲೇ ನೋಟಿಸ್ ಬೋರ್ಡಿಗೆ ಹಾಕಲಿ.

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅಭಿವೃದ್ಧಿ ಸಮಿತಿಗೆ ಸ್ಥಳೀಯ ಶಾಸಕರೇ ಅಧ್ಯಕ್ಷರು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕ್ಷೇತ್ರಗಳ ಶಾಸಕರು ತಮ್ಮ ಮುಂದಿನ ಸಭೆಯಲ್ಲಿ ಉಪನ್ಯಾಸಕರ ವಿಷಯವನ್ನೇ ಮೊದಲು ಕೈಗೆತ್ತಿಕೊಂಡು ಉನ್ನತ ಶಿಕ್ಷಣ ಸಚಿವರಿಗೆ ಒಟ್ಟಾಗಿ ಪತ್ರ ಬರೆಯಬೇಕು. ಪಾಲಕರೂ ಆ ಸಭೆಗಳಿಗೆ ಹೋಗಿ, ಯಾವ ವಿಷಯಕ್ಕೆ ಯಾರು, ಯಾವ ದಿನದಿಂದ ಪಾಠ ಹೇಳುತ್ತಾರೆ ಎಂದು ಕೇಳಿ ಉತ್ತರ ಪಡೆದೇ ಬರಬೇಕೆಂದು ವಿನಂತಿ.

— ಒಬ್ಬ ಪಾಲಕ, ಬ್ಯಾಡಗಿ