ಸಿಂಪಡಣೆ ನಿಂತಿತು, ಲೆಕ್ಕ ಮುಗಿದಿಲ್ಲ



ಗಾಳಿಯಿಂದ ಬಿದ್ದ ವಿಷವನ್ನು ಮಣ್ಣು ಎಷ್ಟು ದಿನಕ್ಕೆ ಮರೆಯುತ್ತದೆ? ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಗೇರು ತೋಟಗಳ ಮೇಲೆ ಚಹಾ ಸೊಳ್ಳೆಯ ಹತೋಟಿಗೆಂದು 1980ರ ದಶಕದಿಂದ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗಡಿಯಾಚೆ ಕಾಸರಗೋಡಿನ ಪಡ್ರೆಯಲ್ಲೂ ಇದೇ ಕತೆ. ಅಲ್ಲಿ ಅದು ನಿಂತದ್ದು 2000ದಲ್ಲಿ. ದೇಶದಲ್ಲಿ ಆ ಔಷಧಿಗೇ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ.

ಸರ್ಕಾರಿ ಎಂಜಿನಿಯರಾಗಿ ದುಡಿದವನಿಗೆ ಮೊದಲು ಕಾಣುವುದು ಇಳಿಜಾರು. ಗೇರು ಇರುವುದು ಗುಡ್ಡದ ನೆತ್ತಿಯಲ್ಲಿ. ಮನೆ, ಬಾವಿ, ಅಡಿಕೆ ತೋಟ ಇರುವುದು ಬುಡದಲ್ಲಿ. ಸಣ್ಣ ಹನಿ ಗಾಳಿಗೆ ತೇಲಿ ಎಲ್ಲೆಂದರಲ್ಲಿ ಇಳಿಯುತ್ತದೆ. ಮಣ್ಣಿಗಂಟಿದ್ದು ಮಳೆಗೆ ಹರಿದು ತೋಡಿಗೆ, ತೋಡಿನಿಂದ ನೇತ್ರಾವತಿಗೆ ಸೇರುತ್ತದೆ. ನಾನಿರುವ ಫರಂಗಿಪೇಟೆಯೂ ಅದೇ ನದಿಯ ದಡದಲ್ಲಿದೆ.

ಸಿಂಪಡಣೆ ನಿಂತರೆ ಪ್ರಕೃತಿ ಚೇತರಿಸಿಕೊಳ್ಳುತ್ತದೆ, ನಿಜ. ಪಕ್ಕದಲ್ಲಿ ಕಾಡು ಉಳಿದಿದ್ದರೆ ಕೀಟ, ಕಪ್ಪೆ, ಮೀನುಗಳು ಕೆಲವು ಮಳೆಗಾಲಗಳಲ್ಲಿ ಮರಳಬಲ್ಲವು. ಮಣ್ಣು ನಿಧಾನ. ಎಂಡೋಸಲ್ಫಾನ್ ಒಡೆದಾಗ ಹುಟ್ಟುವ ಎಂಡೋಸಲ್ಫಾನ್ ಸಲ್ಫೇಟ್ ಕೂಡ ವಿಷವೇ. ಅದು ಮೂಲ ವಸ್ತುವಿಗಿಂತ ಹೆಚ್ಚು ಕಾಲ ನಿಲ್ಲುತ್ತದೆ. ಯುರೋಪಿನ ಆಮ್ಲಮಳೆಯ ಪಾಠವೂ ಇದೇ. 1979ರ ಜಿನೀವಾ ಒಪ್ಪಂದದ ನಂತರ ಗಂಧಕದ ಹೊಗೆ ಬಹಳ ಇಳಿಯಿತು. ಆದರೆ ಮಣ್ಣಿನಿಂದ ತೊಳೆದುಹೋದ ಸುಣ್ಣದಂಶ ತುಂಬಿಕೊಳ್ಳಲು ದಶಕಗಳೇ ಬೇಕು. ಆದ್ದರಿಂದ ನಾರ್ವೆ, ಸ್ವೀಡನ್ನಿನ ಕೆರೆಗಳಿಗೆ ಸುಣ್ಣ ಸುರಿದು, ವರ್ಷ ವರ್ಷವೂ ನೀರನ್ನು ಅಳೆಯುತ್ತ ಬಂದರು.

ನಾವು ಅಳೆಯುತ್ತಿದ್ದೇವೆಯೇ? ನಿಷೇಧದ ಆದೇಶವನ್ನೇ ಪರಿಹಾರವೆಂದು ತಿಳಿದು ಸುಮ್ಮನಾಗುವುದು ಸುಲಭ. ಕೆರೆ, ಬಾವಿಗಳ ಹೂಳನ್ನು ನಿಯಮಿತವಾಗಿ ಪರೀಕ್ಷಿಸಿ, ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಅದು ದೊಡ್ಡ ಖರ್ಚಿನ ಕೆಲಸವಲ್ಲ.

ಮಣ್ಣಿಗೆ ಸಿಗುವ ಕಾಲಾವಕಾಶ ಮನುಷ್ಯನಿಗೆ ಸಿಗುವುದಿಲ್ಲ. ಕಪ್ಪೆಗೆ ಹೊಸ ಪೀಳಿಗೆ ಬಂದರೆ ಹಳೆಯ ನೋವು ಅಳಿಯುತ್ತದೆ. ಅಂಗವೈಕಲ್ಯದೊಂದಿಗೆ ಹುಟ್ಟಿದ ಮಗು ಮಾತ್ರ ಇಂದು ಮೂವತ್ತು ದಾಟಿ ಹಾಸಿಗೆಯಲ್ಲೇ ಇರುತ್ತದೆ. ಎತ್ತಿ ಕೂರಿಸುವ ತಾಯಿಗೆ ಅರವತ್ತಾಗಿರುತ್ತದೆ. ಮಾಸಾಶನ ಬರುತ್ತದೆ, ಆದರೆ ಆ ತಾಯಿಯ ನಂತರ ಎತ್ತುವ ಕೈ ಯಾವುದು?

ಅನ್ನ, ಅಕ್ಷರ ದಾಸೋಹ ನಡೆಸಿದ ನಮ್ಮ ಮಠಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶಾಶ್ವತ ಆರೈಕೆಯ ನಾಲ್ಕು ಹಾಸಿಗೆಗಳಿಂದಲೇ ಆರಂಭಿಸೋಣ. ಸರ್ಕಾರ ಮಣ್ಣನ್ನು ಅಳೆಯಲಿ. ಆ ಮಕ್ಕಳ ಭಾರಕ್ಕೆ ನಾವು ಹೆಗಲು ಕೊಡೋಣ.