ಎರಡು ದಿನಕ್ಕ ಒಂದೇ ಬೆಟ್ಟ ಸಾಕು ಕನ್ರಪ್ಪ

ರಜೆ ಸಿಕ್ಕುದ್ರ ಸಾಕು, ಬೆಂಗ್ಳೂರು ಮೈಸೂರು ಸೇರ್ಕಂಡಿರೋ ನಮ್ಮ ಮನೆ ಹೈಕ್ಳು ಗೇರ್ ಸೈಕಲ್ ತಕ್ಕಂಡು ಕೊಳ್ಳೇಗಾಲಕ್ಕ ಬತ್ತವ. ಶನಿವಾರ ಬಿಳಿಗಿರಿರಂಗನ ಬೆಟ್ಟ, ಭಾನುವಾರ ಮಾದಪ್ಪನ ಬೆಟ್ಟ, ಸಾಯಂಕಾಲಕ್ಕ ವಾಪಸ್ ಅಂತ ಫೋನಲ್ಲೇ ಲೆಕ್ಕ ಹಾಕ್ತವ. ನನ್ನ ಮಾತು ಒಂದೇ: ಎರಡು ದಿನಕ್ಕ ಒಂದು ಬೆಟ್ಟ. ಅದೂ ಅರ್ಧ ಸೈಕಲ್ಲು, ಅರ್ಧ ಕಾಲ್ನಡಿಗೆ.

ಕೊಳ್ಳೇಗಾಲದಿಂದ ಹನೂರಿಗ ಸುಮಾರು 25 ಕಿಲೋಮೀಟ್ರು. ಆಮೇಲ ಕೌದಳ್ಳಿ, ತಾಳಬೆಟ್ಟ, ಅಲ್ಲಿಂದ ಘಾಟಿ. ಒಟ್ಟು 80ರ ಹತ್ರ. ಮ್ಯಾಪಲ್ಲಿ ದೂರ ಕಾಣ್ತದ, ಹನೂರು ಕಡೆ ಬಿಸ್ಲು ಕಾಣಲ್ಲ. ಈ ದಾರಿ ಹೆಂಗ ಹೋಗ್ಬೇಕು ಅಂತ ಹೊಸದಾಗಿ ಯಾರೂ ಕಂಡುಹಿಡೀಬೇಕಾಗಿಲ್ಲ. ಶಿವರಾತ್ರಿಗ, ಯುಗಾದಿಗ, ದೀಪಾವಳಿಗ ಪರ್ಸೆ ಹೋಗೋರು ತಲತಲಾಂತರದಿಂದ ನಡ್ಕಂಡೇ ಹೋಯ್ತಾವ್ರ. ತಂಪೊತ್ತಲ್ಲಿ ನಡೀತಾರ, ನೆತ್ತಿ ಸುಡೋ ಹೊತ್ತಲ್ಲಿ ನೆಳ್ಳಿಗ ಕೂತ್ಕತ್ತಾರ, ಒಬ್ಬೊಬ್ರೇ ಹೋಗಲ್ಲ. ದಾರಿ ಉದ್ದಕ್ಕೂ ಉಘೇ ಅಂತ ಕೂಗೋದು ಭಕ್ತಿನೂ ಹೌದು, ನಾವು ಬತ್ತಾ ಇದೀವಿ ಅಂತ ಕಾಡಿಗ ಹೇಳೋದೂ ಹೌದು ಅನ್ನೋದು ನನ್ನ ಅನ್ಸಿಕೆ.

ಸೈಕಲ್ಲಿಗ ಈ ಕೂಗಿಲ್ಲ. ಕಾರು ಬಂದ್ರ ಆನೆಗ ಸದ್ದು ಕೇಳ್ತದ. ಇಳಿಜಾರಲ್ಲಿ ಸೈಕಲ್ಲು ಸದ್ದಿಲ್ದೆ ತಿರುವಿಗ ಬಂದುಬುಡ್ತದ. ಆನೆನೂ ಬೆಚ್ಚುತ್ತದ, ನಾವೂ ಬೆಚ್ಚುತ್ತೀವಿ. ಅದುಕ್ಕೇ ಯಳಂದೂರು ಕಡೆ ಹೋಗೋರಿಗ ನಾನು ಹೇಳೋದು: ಊರ ತನಕ ಗದ್ದೆ ಬಯಲಲ್ಲಿ ಹಾಯಾಗಿ ತುಳ್ಕಂಡು ಹೋಗಿ, ಬಳೇಮಂಟಪದ ಕಲ್ಲಿನ ಬಳೆ ನೋಡಿ, ಸೈಕಲ್ ಅಲ್ಲೇ ಯಾರದಾದ್ರೂ ಮನೇಲಿ ಬುಟ್ಟು ಬೆಟ್ಟಕ್ಕ ಬಸ್ ಹತ್ತಿ. ಅದು 2011ರಿಂದ ಹುಲಿ ಕಾಡು. ಅದೇ ವರ್ಷ ಸೋಲಿಗರ ಪೋಡುಗಳಿಗ ಆ ಕಾಡಿನ ಮೇಲ ಸಮುದಾಯದ ಹಕ್ಕುಪತ್ರನೂ ಸಿಕ್ತು. ಅಂದ್ರ ಅದು ಬರೀ ಕಾಡಲ್ಲ, ಒಬ್ಬರ ಮನೆ. ಇನ್ನೊಬ್ಬರ ಮನೇಲಿ ಹಿತ್ಲು ಬಾಗ್ಲಿಂದ ನುಗ್ತೀವಾ?

ಇನ್ನೊಂದು ಮಾತು ಅದ. 2025ರ ಜೂನಲ್ಲಿ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಕು ಮರಿ ವಿಷಕ್ಕ ಸತ್ತುಹೋದವು. ಹುಲಿ ಹೊಡ್ದ ಹಸಿನ ಮೈಗೇ ವಿಷ ಹಾಕಿದ್ರು. ಆಮೇಲ ಕಾಡಲ್ಲಿ ದನ ಮೇಯ್ಸೋದ ನಿಲ್ಸಬೇಕು ಅನ್ನೋ ಮಾತು ಜೋರಾಯ್ತು. ಹೊಟ್ಟೆಪಾಡಿಗ ದನ ಹೊಡ್ಕಂಡು ಹೋಗೋರಿಗೇ ಬ್ಯಾಡ ಅನ್ನೋ ಕಾಡಲ್ಲಿ, ಶೋಕಿಗ ಸೈಕಲ್ ಹೊಡ್ಕಂಡು ಕಾಲುದಾರಿ ಹುಡುಕೋದು ಯಾವ ನ್ಯಾಯ? ನಾಗಮಲೆಗಾದ್ರೂ ಅಷ್ಟೇ, ಅರಣ್ಯ ಇಲಾಖೆಯೋರ್ನ ಕೇಳಿ ಹೋಗಿ. ತಡೆ ಇದ್ರ ತಡೆಯೇ. ಗೊತ್ತಿರೋರ ಕೈಲಿ ಹೇಳ್ಸಿ ಒಳಕ್ಕ ಹೋಗೋದು ದೊಡ್ಡಸ್ತಿಕೆ ಅಲ್ಲ.

ಹಂಗಾದ್ರ ಹೆಂಗ ಹೋಗೋದು? ಮಾರ್ಗಶಿರ ಪುಷ್ಯದಲ್ಲಿ ಹೊರಡಿ. ಬೇಸಿಗೆಲಿ ನೀರೂ ಇರಲ್ಲ, ಕಾಡ್ಗಿಚ್ಚಿನ ಭಯನೂ ಅದ. ಮೊದಲ್ನೇ ದಿನ ಬೆಳಕು ಹರೀತಿದ್ದಂಗೇ ಕೊಳ್ಳೇಗಾಲ ಬುಟ್ರ ಹನೂರಲ್ಲಿ ತಿಂಡಿ, ಮಧ್ಯಾನಕ್ಕ ಮುಂಚೆ ಕೌದಳ್ಳಿ. ಅಲ್ಲೇ ನೆಂಟರ ಮನೇಲಿ ತಂಗಿ. ಎರಡನೇ ದಿನ ಸೈಕಲ್ ಅಲ್ಲೇ ಬುಟ್ಟು ತಾಳಬೆಟ್ಟಕ್ಕ ಬಸ್ಸು, ಅಲ್ಲಿಂದ ಪರ್ಸೆಯೋರ ಜೊತೆ ಮೆಟ್ಲು ಹತ್ತಿ. ದರ್ಶನ, ದಾಸೋಹದ ಊಟ, ಇಳಿಯಕ್ಕ ಬಸ್ಸು. ಸೈಕಲ್ಲು ಲಗೇಜ್ ಆಟೋಲಿ ಊರಿಗ ಬರ್ಲಿ, ಅವಮಾನ ಏನಿಲ್ಲ.

ಬುತ್ತಿಗ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಒಸಿ ಹುರಿಗಾಳು. ಜಾಲಿಮುಳ್ಳಿಗ ಪಂಕ್ಚರ್ ಸಾಮಾನು, ಒಂದು ಟ್ಯೂಬು. ಬ್ರೇಕು ಹೊರಡೋ ಹಿಂದಿನ ದಿನವೇ ನೋಡ್ಸಿ. ಪ್ಲಾಸ್ಟಿಕ್ ಕವರು ಕೋತಿಗೆ ತೋರುಸ್ಬ್ಯಾಡಿ, ಕಾಡಲ್ಲಿ ಬಿಸಾಕ್ಲೇಬ್ಯಾಡಿ.

ಮನೆ ಹೆಣ್ಮಕ್ಳನ್ನೂ ಕರ್ಕಂಡು ಹೋಗಿ. ಪರ್ಸೆಲಿ ನಮ್ಮವ್ವಂದಿರು ಮಗೀನ ಕಂಕ್ಳಲ್ಲಿ ಎತ್ಕಂಡು ಹತ್ತಿದ ಬೆಟ್ಟ ಅದು. ಅವ್ರಿಗ ಸೈಕಲ್ ಬ್ಯಾಡ ಅನ್ನೋರು ಆ ಮೆಟ್ಲು ಒಂದ್ಸಲ ಹತ್ತಿ ನೋಡ್ಲಿ.